ಹರಕೆ ಹೊತ್ತದ್ದು ಯಾವ ದರ್ಗಾಕ್ಕೆ

ನನ್ನ ಮಗಳು ಮೂರು ತುಂಬಿದರೂ ಮಾತಾಡುತ್ತಿರಲಿಲ್ಲ. ನಮ್ಮವ್ವನದು ಇದಕ್ಕೆ ತದ್ವಿರುದ್ಧ. ನಮ್ಮೂರು ಹುಲಕೋಟಿಯಲ್ಲಿ ನಳಕ್ಕೆ ಹೋದರೆ ಕೊಡ ತುಂಬಿ ಹರಿದರೂ ಅವಳ ಮಾತು ಮುಗಿಯುತ್ತಿರಲಿಲ್ಲ. ‘ಸಾಕ್ ಮಾಡಬೇ’ ಎಂದು ನಾನು ದಿನಕ್ಕೆ ಹತ್ತು ಸಲ ಹರಿಹಾಯುತ್ತಿದ್ದೆ. ಒಮ್ಮೆ ಶಿರಹಟ್ಟಿ ಕಡೆ ಮದುವೆಗೆ ಹೊರಟವಳು, ದರ್ಗಾಗಳಿಗೇ ಹೆಸರಾದ ಊರೊಂದನ್ನು ದಾಟುವಾಗ ಬಸ್ಸಿನ ಕಿಟಕಿಯಿಂದಲೇ ಕೈಮುಗಿದು ಹರಕೆ ಹೊತ್ತಳು: ‘ನನ್ನ ಮಾತು ತಗೊಂಡು ನನ್ನ ಮೊಮ್ಮಗಳಿಗೆ ಕೊಡೋ ಯಪ್ಪಾ.’

ತಿಂಗಳೊಳಗೆ ಮಗಳು ಮಾತು ಶುರು ಮಾಡಿದಳು. ಅವ್ವನಿಗೆ ಖುಷಿಯ ಹಿಂದೆಯೇ ದಿಗಿಲು ಹತ್ತಿತು. ಇನ್ನು ತನ್ನ ಬಾಯಿ ಬಂದ್ ಆಗುತ್ತದೆ. ಹರಕೆ ತಪ್ಪಿಸಿದರೆ ಕೂಸಿನ ಮಾತು ವಾಪಸು ಹೋಗುತ್ತದೆ. ಮಾತಿನ ಬದಲು ಸಕ್ಕರೆಗೆ ಫಾತಿಹಾ ಓದಿಸಿ ದರ್ಗಾದ ಶರಣರನ್ನು ಒಪ್ಪಿಸೋಣವೆಂದರೆ ಆ ಊರಲ್ಲಿ ಮೂರು ದರ್ಗಾ. ಓಡುವ ಬಸ್ಸಿನಲ್ಲಿ ಯಾವುದಕ್ಕೆ ಕೈಮುಗಿದಳೋ ಅವಳಿಗೇ ನೆನಪಿಲ್ಲ.

ಗುರುವಾರ ಸಕ್ಕರೆ ಗಂಟು ಹಿಡಿದು ಮೂವರೂ ಹೊರಟೆವು. ಬೇವಿನ ಮರದ ದರ್ಗಾ ನೋಡಿಕೊಳ್ಳುವ ಮುಜಾವರ ವಿಷಯ ಕೇಳಿ ಆಗದೆಂದು ಕೈ ಅಲ್ಲಾಡಿಸಿದ. ‘ಇದು ನಮ್ಮ ಅಜ್ಜಾರ ಕೆಲಸ ಅಲ್ರಿ ಯವ್ವಾ. ಇವರು ಚೇಳು ಕಡದ್ರ ನೋಡ್ತಾರ. ಕೆರಿ ದಂಡಿಗೆ ಹೋಗ್ರಿ.’ ಕೆರೆ ದಂಡೆಯ ಶರಣರು ಎಮ್ಮೆ ಹಾಲು ಬತ್ತಿದರೆ ನೋಡುವವರಂತೆ. ಅಲ್ಲಿಯ ಮುಜಾವರ ಗುಡ್ಡದ ಕಡೆ ಬೆರಳು ತೋರಿಸಿದ. ಸರಕಾರಿ ಕಚೇರಿಯಲ್ಲೂ ನನ್ನನ್ನು ಯಾರೂ ಹೀಗೆ ಅಲೆಸಿರಲಿಲ್ಲ.

ಗುಡ್ಡದ ಮುಜಾವರ ವಯಸ್ಸಾದವನು. ಅವ್ವ ಹೆದರುತ್ತಲೇ ಎಲ್ಲ ಹೇಳಿಕೊಂಡಳು; ಹೆದರಿದರೂ ಅರ್ಧ ತಾಸು ಹಿಡಿಯಿತು. ಆತ ಪೂರ್ತಿ ಕೇಳಿ, ಸಕ್ಕರೆ ಓದಿ ಕೊಟ್ಟು ಹೇಳಿದ: ‘ಮನಿ ಮುಟ್ಟೂತನಕ ಒಂದ್ ಮಾತೂ ಆಡಬ್ಯಾಡ್ರಿ. ಅಷ್ಟಕ್ಕ ಹರಕಿ ಮುಟ್ಟಿದಂಗ ಆತು.’

ಅವ್ವ ಬಾಯಿಗೆ ಸೆರಗು ಒತ್ತಿಕೊಂಡು ಬಸ್ಸು ಹತ್ತಿದಳು. ನನಗೋ ಮಜಾ. ಬೇಕೆಂದೇ ಅವಳ ತವರಿನವರನ್ನು ಬೈದೆ. ಕಣ್ಣು ಕೆಂಪು ಮಾಡಿದಳೇ ಹೊರತು ತುಟಿ ಬಿಚ್ಚಲಿಲ್ಲ. ತೊಡೆಯ ಮೇಲೆ ಕೂತ ಮಗಳು ಮಾತ್ರ ಒಂದೇ ಸಮ ವಟಗುಟ್ಟುತ್ತಿದ್ದಳು. ಗದಗದಲ್ಲಿ ಬಸ್ಸು ಬದಲಿಸುವಾಗ ಪರಿಚಯದ ಹೆಂಗಸೊಬ್ಬಳು ‘ಆರಾಮ ಅದೀರೇನ್ರಿ’ ಎಂದರೆ ಅವ್ವ ಬರೀ ತಲೆಯಾಡಿಸಿದಳು. ಒಂದು ದಿನ ಇವಳು ಖರೇನೇ ಸುಮ್ಮನಾಗುತ್ತಾಳೆ ಎಂಬುದು ಅಲ್ಲಿಯತನಕ ನನಗೆ ಹೊಳೆದಿರಲಿಲ್ಲ.

ನಮ್ಮ ಓಣಿಗೆ ಬಂದಾಗ ತಡೆಯಲಾಗಲಿಲ್ಲ. ‘ಯವ್ವಾ, ಏನರ ಮಾತಾಡಬೇ’ ಎಂದೆ.

ಅವ್ವ ಮೊಮ್ಮಗಳ ತಲೆಯ ಮೇಲೆ ಕೈಯಿಟ್ಟು, ಬೇಡವೆಂದು ಕತ್ತು ಅಲ್ಲಾಡಿಸಿದಳು. ಮನೆ ಇನ್ನೂ ನಾಲ್ಕು ಹೆಜ್ಜೆ ದೂರವಿತ್ತು.