ಸುಣ್ಣಕಟ್ಟಿನ ಸೈನ್ಯ

ಮಾರ್ಗಶಿರದ ಒಂದು ಭಾನುವಾರ, ಬೆಳಿಗ್ಗೆ ಆರೂವರೆ. ಹಾಜರಿದ್ದವರು ಇಬ್ಬರು: ಪಡಸಾಲೆಯ ಮೇಜಿನ ಮುಂದೆ ನಾನು, ಬಾಗಿಲಲ್ಲಿ ನನ್ನ ತಮ್ಮ. ತಮ್ಮನ ಹೆಂಡತಿ ತವರಿಗೆ ಹೋಗಿದ್ದಳು. ಅವರ ಮಗಳು ವಿಮಾನ ನಿಲ್ದಾಣದ ಸರಕು ವಿಭಾಗಕ್ಕೆ ರಾತ್ರಿ ಪಾಳಿಗೆ ಹೋದವಳು ಇನ್ನೂ ಬಂದಿರಲಿಲ್ಲ. ಹೊರಗೆ ಮಂಜು. ಎದುರುಮನೆಯ ಜಗಲಿಯೂ ಕಾಣುತ್ತಿರಲಿಲ್ಲ. ನಿಲ್ದಾಣ ಶುರುವಾದ ಮೇಲೆ ನಮ್ಮೂರಿನ ನೆತ್ತಿಯ ಮೇಲೆ ವಿಮಾನ ಹಾರದ ಬೆಳಗು ಅಪರೂಪ. ಅಂದು ಇನ್ನೂ ಒಂದೂ ಹಾರಿರಲಿಲ್ಲ.

"ಅಕ್ಕ, ಇವತ್ತು ಸಂಜೆ ಒಳಗೆ ಆ ಡಬ್ಬ ಮನೆಯಿಂದ ಆಚೆ ಹೋಗ್ಬೇಕು. ಇಲ್ಲಾಂದ್ರೆ ನಾನೇ ತಗೊಂಡೋಗಿ ತಿಪ್ಪೆಗೆ ಹಾಕ್ತೀನಿ," ಎಂದ ತಮ್ಮ.

"ಹಾಕು, ನೋಡೋಣ," ಎಂದೆ. ಬ್ರಷ್ಷನ್ನು ಕೆಳಗಿಡಲಿಲ್ಲ.

ಡಬ್ಬದಲ್ಲಿದ್ದದ್ದು ನನ್ನ ಸೈನ್ಯ. ಬೆರಳುದ್ದದ ಪ್ಲಾಸ್ಟಿಕ್ ಗೊಂಬೆಗಳು, ಹುಳುವಿನ ಆಕಾರದ ಬೇರೆ ಗ್ರಹದ ಜೀವಿಗಳು. ದೊಡ್ಡ ಮೇಜಿನ ಮೇಲೆ ಗುಡ್ಡ, ಮುರುಕು ಗೋಡೆ ಜೋಡಿಸಿ, ಎರಡು ಕಡೆ ಎರಡು ಸೈನ್ಯ ನಿಲ್ಲಿಸಿ, ಅಳತೆ ಟೇಪು ಹಿಡಿದು ಗೊಂಬೆಗಳನ್ನು ಮುಂದೆ ನಡೆಸಿ, ಯಾರು ಸತ್ತರು ಯಾರು ಉಳಿದರು ಎಂದು ದಾಳ ಹಾಕಿ ತೀರ್ಮಾನಿಸುವ ಆಟವದು. ನನ್ನ ಸೊಸೆ, ಅಂದರೆ ತಮ್ಮನ ಮಗಳು, ಕೆಲಸದ ಜಾಗದಲ್ಲಿ ಕಲಿತು ಬಂದು ನನಗೂ ಹಚ್ಚಿದಳು. ದೇವನಹಳ್ಳಿಯಲ್ಲಿ ಒಂದು ಅಂಗಡಿಯ ಮಹಡಿಯ ಮೇಲಿನ ಹಾಲ್‌ನಲ್ಲಿ ಭಾನುವಾರ ಮಧ್ಯಾಹ್ನ ಅವರ ಗುಂಪು ಸೇರುತ್ತಿತ್ತು. ಅಲ್ಲಿ ಒಂದು ಕಟ್ಟುನಿಟ್ಟು: ಬಣ್ಣ ಬಳಿಯದ ಗೊಂಬೆ ಮೇಜು ಹತ್ತುವಂತಿಲ್ಲ. ನನಗೆ ಬಹಳ ಹಿಡಿಸಿದ ನಿಯಮವಿದು. ಅಂದು ಮಧ್ಯಾಹ್ನ ಮೂರಕ್ಕೆ ನನ್ನ ಮೊದಲ ಆಟ. ಎಲ್ಲ ಗೊಂಬೆಗಳೂ ಮುಗಿದು, ದೊಡ್ಡದೊಂದು ಬಾಕಿ ಇತ್ತು.

ಸೈನ್ಯ ಆರಿಸಿದ ದಿನವೇ ಮೊದಲ ಜಗಳ ನಡೆದಿತ್ತು. ಹಾಲ್‌ನ ಗಡ್ಡದ ಯುವಕ ಪೆಟ್ಟಿಗೆಗಳನ್ನು ಸಾಲಾಗಿಟ್ಟು, "ಆಂಟಿ, ಹೊಸಬ್ರು ಸೋಲ್ಜರ್ಸ್ ತಗೊಳ್ತಾರೆ. ಮೈಗೊಂದು ಬಣ್ಣ, ಗನ್ನಿಗೊಂದು ಬಣ್ಣ, ಮುಗೀತು. ಆ ಹುಳುಗಳ ಸಹವಾಸ ಬೇಡ. ಮೈಯೆಲ್ಲಾ ಮಡಿಕೆ, ಕೈ ನಡುಗಿದ್ರೆ ಕೆಟ್ಟೋಗುತ್ತೆ," ಎಂದ.

"ನನ್ನ ಕೈ ನಡುಗೋದನ್ನ ಯಾವಾಗ ನೋಡ್ದೆ?" ಎಂದು ಕೇಳಿ, ಹುಳುಗಳ ಪೆಟ್ಟಿಗೆಯನ್ನೇ ಎತ್ತಿಕೊಂಡೆ.

ನಾನು ನಿವೃತ್ತಳಾದದ್ದು ಸರ್ಕಾರಿ ಬಿತ್ತನೆ ಕೋಠಿಯಿಂದ. ರೈತರಿಗೆ ಕೊಡುವ ರೇಷ್ಮೆ ಮೊಟ್ಟೆ ತಯಾರಾಗುವ ಜಾಗವದು. ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನು ಅರೆದು, ಸೂಕ್ಷ್ಮದರ್ಶಕದಡಿ ಇಟ್ಟು ನೋಡುವುದು ನನ್ನ ಕೆಲಸ. ರೋಗದ ಕಣ ಕಂಡರೆ ಅವಳ ಮೊಟ್ಟೆಯೆಲ್ಲ ಬೆಂಕಿಗೆ. ಚಪ್ಪಲಿ ಬದಲಿಸದೆ ಒಳಗೆ ಕಾಲಿಡುವಂತಿಲ್ಲ, ಕೈ ತೊಳೆಯದೆ ಏನನ್ನೂ ಮುಟ್ಟುವಂತಿಲ್ಲ. ಆ ಶಿಸ್ತು ನನಗೆ ಎಂದೂ ಭಾರವೆನಿಸಲಿಲ್ಲ. ಮದುವೆಯಾಗದೆ ಉಳಿದ ನಾನು ನಿವೃತ್ತಿಯ ನಂತರ ತಮ್ಮನ ಜೊತೆ, ನಮ್ಮಿಬ್ಬರ ಪಾಲಿನ ಈ ಮನೆಯಲ್ಲಿ ಅದೇ ಶಿಸ್ತಿನಿಂದ ಬದುಕಿದೆ. ಬೆಳಿಗ್ಗೆ ಆರರಿಂದ ಎಂಟರವರೆಗೆ ಬಣ್ಣ. ಆಮೇಲೆ ಬೇರೆ ಕೆಲಸ.

"ಮೊಮ್ಮಕ್ಕಳಿಗೇನವ್ವ ಗೊಂಬೆ?" ಎಂದು ಹಾಲು ಹಾಕಲು ಹೋಗುವ ಹೆಂಗಸರು ಕಿಟಕಿಯಲ್ಲಿ ಇಣುಕಿ ಕೇಳುತ್ತಿದ್ದರು.

"ಇಲ್ಲ, ನನಗೇ."

"ಈ ವಯಸ್ನಲ್ಲಿ ಭೂತ ಬಳೀತಾ ಕೂತವ್ಳೆ ನೋಡು!"

"ನಿಮಗೂ ಒಂದು ಬಳಿದುಕೊಡ್ಲಾ?" ಎಂದರೆ ನಗುತ್ತ ಓಡುತ್ತಿದ್ದರು.

ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ಹುಳುಗಳು ನೇರಳೆ, ಕೆಂಪು ಬಣ್ಣದಲ್ಲಿ ಹೊಳೆಯುತ್ತಿದ್ದವು. ಅವನ್ನು ನೋಡಿದರೆ ಯಾರೂ ಹೆದರುವುದಿಲ್ಲ. ಹುಳು ಯಾವಾಗ ಭಯ ಹುಟ್ಟಿಸುತ್ತದೆಂದು ನನಗೆ ಗೊತ್ತಿತ್ತು. ಒಂದು ಗುಂಪಿಗೆ ರೇಷ್ಮೆ ಹುಳುವಿಗೆ ಬರುವ ಹಾಲುತೊಂಡೆ ರೋಗದ ಬಣ್ಣ ಕೊಟ್ಟೆ: ಊದಿದ ಮೈ, ಹಳದಿ ಹೊಳಪು, ಮುಟ್ಟಿದರೆ ಒಡೆದು ಹಾಲು ಸೋರುವಂತೆ. ಇನ್ನೊಂದಕ್ಕೆ ಸಪ್ಪೆ ರೋಗದ ಮಂಕು ಕಂದು. ಕೊನೆಯ ಗುಂಪಿಗೆ ಸುಣ್ಣಕಟ್ಟು. ಆ ರೋಗ ತಗುಲಿದ ಹುಳು ಸತ್ತು, ಬಳಪದ ಕಡ್ಡಿಯ ಹಾಗೆ ಸೆಟೆದು, ಮೈಮೇಲೆ ಬಿಳಿ ಪುಡಿ ಏಳುತ್ತದೆ. ಆ ಪುಡಿ ಹಾರಿದಲ್ಲೆಲ್ಲ ಸಾವು.

ತಮ್ಮನ ಸಿಟ್ಟಿಗೆ ಕಾರಣ ಈ ಬಿಳಿಯೇ. ಮನೆಯ ಹಿಂದೆ ಅವನ ಹುಳುಮನೆ. ರೇಷ್ಮೆ ಹುಳುಗಳು ನಾಲ್ಕನೇ ಜ್ವರ ಎದ್ದಿದ್ದವು, ಎಂದರೆ ಕೊನೆಯ ಬಾರಿ ಪೊರೆ ಬಿಟ್ಟು ಹಗಲೂ ರಾತ್ರಿ ಸೊಪ್ಪು ತಿನ್ನುತ್ತಿದ್ದವು. ಹುಳು ಎದ್ದಿರುವಾಗ ನಮ್ಮ ಮನೆಯಲ್ಲಿ ಸುಣ್ಣಕಟ್ಟು ಎಂಬ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. 'ಬಿಳೀದು' ಎಂದು ಪಿಸುಗುಡುತ್ತಿದ್ದರು. ಹೆಸರು ಕೇಳಿದರೆ ಅದು ಬರುತ್ತದಂತೆ. ನಾನಾದರೋ ಹೆಸರು ಹೇಳಿದ್ದು ಸಾಲದೆಂದು ಅದರ ಮೂರ್ತಿಗಳನ್ನೇ ಮಾಡಿ ಸಾಲಾಗಿ ನಿಲ್ಲಿಸಿದ್ದೆ.

"ಮೂರ್ತಿ ಮಾಡಿ ಕರೀತಿದೀಯ ಅಕ್ಕ ನೀನು," ಎಂದ.

"ಗೊಂಬೆಗಳಿಗೆ ಮೊದಲ ಬಣ್ಣದ ಸ್ಪ್ರೇ ನಾನು ಹೊಡೆಯೋದು ಎಲ್ಲಿ?"

"ಹೊಲದ ಆ ಕೊನೇಲಿ."

"ಯಾಕೆ?"

"ವಾಸನೆಗೆ ಹುಳ ಸಾಯ್ತವೆ ಅಂತ."

"ಗಾಳಿ ಯಾವ ಕಡೆಗೆ ಬೀಸ್ತಿದೆ ನೋಡ್ಕೊಂಡೇ ಹೊಡೀತೀನಿ. ಬಂದು ಸ್ನಾನ ಮಾಡ್ತೀನಿ. ವಾಸನೆ ನಿಜ, ಅದಕ್ಕೆ ತಲೆ ಬಾಗಿದೀನಿ. ಬಣ್ಣಕ್ಕೆ ಬಾಗಲ್ಲ ಕಣೋ."

ಅವನು ಬಾಗಿಲು ಬಿಟ್ಟು ಕದಲಲಿಲ್ಲ. ನಾನು ದೊಡ್ಡ ಹುಳುವನ್ನು ಎತ್ತಿಕೊಂಡೆ. ಬ್ರಷ್ಷಿಗೆ ಬಿಳಿ ಹತ್ತಿಸಿ, ಬಟ್ಟೆಗೆ ಒರೆಸಿ ಬಹುಪಾಲು ತೆಗೆದು, ಉಳಿದ ಒಣ ಬಣ್ಣದಲ್ಲಿ ಮೈಮೇಲೆ ಸವರುವುದು ಒಂದು ಪಟ್ಟು. ಉಬ್ಬಿದ ಜಾಗಕ್ಕೆ ಮಾತ್ರ ಬಣ್ಣ ಹತ್ತಿ, ಪುಡಿ ಉದುರಿಸಿದಂತೆ ಕಾಣುತ್ತದೆ. ಒಂದು ಸಲ ಸವರಿದೆ, ಎರಡು ಸಲ ಸವರಿದೆ.

"ತಪ್ಪು," ಎಂದ ತಮ್ಮ.

"ಏನು ತಪ್ಪು?"

"ಬಿಳಿ ಮೇಲಿಂದ ಬರಲ್ಲ. ಮಡಿಕೆ ಸಂದಿಯಿಂದ ಬರ್ತದೆ. ಮೊದ್ಲು ಸಂದೀಲಿ ಸಣ್ಣ ಗೆರೆ, ಆಮೇಲೆ ಮೈಯೆಲ್ಲ."

ಬ್ರಷ್ಷನ್ನು ಆಗ ಕೆಳಗಿಟ್ಟೆ. ಈ ರೋಗದ ಹುಳುವನ್ನು ನನ್ನ ತಮ್ಮ ಎಂದೂ ಹತ್ತಿರದಿಂದ ನೋಡಿದವನಲ್ಲ. ಒಂದು ಕಂಡರೆ ಮುಖ ತಿರುಗಿಸಿ, "ಅಕ್ಕಾ, ಬಾ" ಎಂದು ಕೂಗುತ್ತಿದ್ದ. ನಾನು ಹೋಗಿ ತೆಗೆಯುತ್ತಿದ್ದೆ. ನನ್ನ ಕಣ್ಣಿಗೆ ಬೀಳುವ ಹೊತ್ತಿಗೆ ಅದು ಪೂರ್ತಿ ಬಿಳಿ. ಹಾಗಾಗಿ ಸಂದಿಯ ಗೆರೆ ನನಗೂ ತಿಳಿದಿರಲಿಲ್ಲ.

"ಎಷ್ಟೊತ್ತಿಗೆ ನೋಡ್ದೆ?"

ಅವನು ಹೊರಗಿನ ಮಂಜಿನತ್ತ ತಿರುಗಿದ.

"ನಿನ್ನನ್ನೇ ಕೇಳ್ತಿರೋದು. ಎಲ್ಲಿ, ಎಷ್ಟೊತ್ತಿಗೆ?"

"ನಿನ್ನೆ ಸಂಜೆ. ಕಿಟಕಿ ಕಡೆ ಸ್ಟ್ಯಾಂಡಿನ ಕೆಳಗಿನ ಅಂತಸ್ತಲ್ಲಿ. ಒಂದೇ ಒಂದು, ಸಂದೀಲಿ ಗೆರೆ, ಅರ್ಧ ಮೈ ಬಿಳಿ. ಎತ್ತಿ ಮಣ್ಣಲ್ಲಿ ಮುಚ್ಬಿಟ್ಟೆ." ಅವನ ದನಿ ಸಣ್ಣದಾಯಿತು. "ನೀನು ಬಿಳಿ ಬಳಿಯೋಕೆ ಶುರು ಮಾಡಿದ್ಮೇಲೇ ಬಂತು ಅಕ್ಕ."

"ಚಳಿ ಅಂತ ಕಿಟಕಿ ಯಾವಾಗ ಮುಚ್ಚಿದ್ದು?"

"ವಾರ ಆಯ್ತು."

"ಮಂಜಲ್ಲಿ ಕುಯ್ದ ಒದ್ದೆ ಸೊಪ್ಪು ಹಾಕ್ದೆ ತಾನೆ?"

ಹೌದೆಂದು ತಲೆಯಾಡಿಸಿದ.

"ಒಳಗೆಲ್ಲ ತೇವ. ಅದು ಬಂದಿದ್ದು ತೇವಕ್ಕೆ, ನನ್ನ ಗೊಂಬೆ ಕರೆದಿದ್ದಕ್ಕಲ್ಲ. ಸುಣ್ಣಕಟ್ಟು. ಹೇಳು."

"ಅಕ್ಕ..."

"ಸುಣ್ಣಕಟ್ಟು ಅನ್ನೋ!"

"ಸುಣ್ಣಕಟ್ಟು," ಎಂದ, ಶಾಲೆಯ ಹುಡುಗನ ಹಾಗೆ.

"ಹ್ಞೂ, ನಡಿ."

ಚಪ್ಪಲಿ ಬದಲಿಸಿದೆವು. ಕೈಗೆ ಬ್ಲೀಚಿಂಗ್ ನೀರು. ಹುಳುಮನೆಯ ಬಾಗಿಲು ತೆರೆದಾಗ ಮುಖಕ್ಕೆ ಬಡಿದ ತೇವವೇ ಎಲ್ಲ ಹೇಳಿತು. ಕಿಟಕಿಗಳನ್ನು ಎದುರುಬದುರಾಗಿ ತೆರೆಸಿದೆ. ಅಂತಸ್ತು ಅಂತಸ್ತಾಗಿ ನೋಡುತ್ತ ಹೋದೆವು. ನಾನು ಚಿಮುಟ ಹಿಡಿದಿದ್ದೆ, ತಮ್ಮ ಟಾರ್ಚು. ಬೆಳ್ಳಗಾದವು ಬೆರಳೆಣಿಕೆಯಷ್ಟಿದ್ದವು, ನನಗೆ ಅವಷ್ಟೇ ಕಂಡವು. ಆದರೆ ತಮ್ಮ ಬಗ್ಗಿ, "ಇದ್ರಲ್ಲೂ ಐತೆ ಅಕ್ಕ, ಸಂದಿ ನೋಡು," ಎಂದು ಇನ್ನೂ ಬಣ್ಣ ತಿರುಗದ ಹುಳುಗಳನ್ನು ತೋರಿಸಿದ. ಅವನು ತೋರಿಸಿದ್ದು ನನ್ನವುಗಳಿಗಿಂತ ಹೆಚ್ಚು. ಮುಖ ಮಾತ್ರ ಒಮ್ಮೆಯೂ ತಿರುಗಿಸಲಿಲ್ಲ. ಎಲ್ಲವನ್ನೂ ಸುಟ್ಟೆವು. ಸುಣ್ಣದ ಪುಡಿಯನ್ನು ತೆಳ್ಳನೆ ಬಟ್ಟೆಯಲ್ಲಿ ಕಟ್ಟಿ, ಹುಳುಗಳ ಮೇಲೆ ಹದವಾಗಿ ಉದುರಿಸಿದೆವು. ಸೊಪ್ಪಿನ ಮೇಲಿನ ನೀರು ಆರುವವರೆಗೆ ಅದನ್ನು ಹುಳುಗಳಿಗೆ ಹಾಕಲು ಬಿಡಲಿಲ್ಲ.

ಸೊಸೆ ಬಂದಾಗ ಮಧ್ಯಾಹ್ನವಾಗಿತ್ತು. ಮಂಜಿಗೆ ವಿಮಾನಗಳೆಲ್ಲ ತಡವಾಗಿ, ಸರಕು ರಾಶಿಬಿದ್ದು, ನಿದ್ದೆಗೆಟ್ಟ ಅವಳ ಕಣ್ಣು ಕೆಂಪಾಗಿದ್ದವು.

"ಅತ್ತೆ, ಮೂರಕ್ಕೆ ಆಟ. ರೆಡೀನಾ? ಇಬ್ರೂ ಯಾಕೆ ಹಿಂಗೆ ಸುಣ್ಣ ಮೆತ್ಕೊಂಡಿದೀರಾ?"

"ಹುಳುಮನೇಲಿ ಸುಣ್ಣಕಟ್ಟು," ಎಂದ ಅವಳ ಅಪ್ಪ. ಪಿಸುಗುಡಲಿಲ್ಲ.

ಸಂಜೆ ಇನ್ನೊಮ್ಮೆ ಎಲ್ಲ ಅಂತಸ್ತು ನೋಡಬೇಕಿತ್ತು. ಆಟಕ್ಕೆ ಬರಲ್ಲ ಎಂದೆ.

"ಆಂಟಿ ಹೆದರ್ಕೊಂಡ್ರು ಅಂತಾರೆ ಅತ್ತೆ, ಆ ಗಡ್ಡದವ್ನು ಬಿಡಲ್ಲ."

"ಅಂದ್ಕೊಳ್ಲಿ. ಬರೋ ಭಾನುವಾರ ಹೆದರೋ ಸರದಿ ಅವನದು. ಸೋಲ್ಜರ್ಸ್‌ನ ಗಟ್ಟಿಯಾಗಿ ನಿಲ್ಲಿಸ್ಕೊಂಡಿರೋಕೆ ಹೇಳು."

ಸಂಜೆಯ ಸುತ್ತಿನಲ್ಲಿ ಸಿಕ್ಕಿದ್ದು ಎರಡು. ಬೆಳೆ ಉಳಿಯುತ್ತದೋ ಇಲ್ಲವೋ ಅಂದೇ ಹೇಳುವಂತಿರಲಿಲ್ಲ. ಹೇಳಲೂ ಇಲ್ಲ. ಸ್ನಾನ ಮಾಡಿ ಮೇಜಿಗೆ ಬಂದು ಕೂತೆ. ಬೆಳಗಿನ ಹೊತ್ತಲ್ಲದ ಹೊತ್ತಿನಲ್ಲಿ ಬಣ್ಣಕ್ಕೆ ಕೂತದ್ದು ಅದೇ ಮೊದಲು. ದೊಡ್ಡ ಹುಳುವಿನ ಬೆನ್ನಿನ ಬಿಳಿಯನ್ನೆಲ್ಲ ಕಂದು ಬಣ್ಣದಿಂದ ಮುಚ್ಚಿದೆ. ಅತಿ ಸಣ್ಣ ಬ್ರಷ್ ತೆಗೆದುಕೊಂಡು, ಮಡಿಕೆಯ ಸಂದಿಗಳಲ್ಲಿ ಕೂದಲೆಳೆಯ ಬಿಳಿ ಗೆರೆ ಎಳೆಯುತ್ತ ಹೋದೆ.

ತಮ್ಮ ಬಾಗಿಲಿಗೆ ಬಂದು ನಿಂತ. ತಿಪ್ಪೆಯ ಮಾತೆತ್ತಲಿಲ್ಲ.

"ಹುಳುಮನೆ ಹತ್ರ ಮಾತ್ರ ತರಬೇಡ," ಎಂದ.

"ಎಲ್ಲಿಗೆ ತರಬೇಕು ಅಂತ ನಾನು ನೋಡ್ಕೋತೀನಿ."

ಹತ್ತಿರ ಬಂದು ಬಗ್ಗಿ ನೋಡಿದ. "ಬಾಲದ ಕಡೆ ಇನ್ನೊಂದು ಗೆರೆ ಬರಬೇಕು."

ಎಳೆದೆ. ಬ್ರಷ್ ತೊಳೆದು, ತುದಿ ಚೂಪು ಮಾಡಿ, ಬಿಳಿಯ ಶೀಶೆಯ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿದೆ. ದೊಡ್ಡ ಹುಳುವನ್ನು ಡಬ್ಬದೊಳಗೆ, ಸೈನ್ಯದ ಮುಂದಿನ ಸಾಲಿನಲ್ಲಿ ನಿಲ್ಲಿಸಿದೆ.