ಸೋಪು ತಾಗಿದ ಬಾಟಲಿ

ಕಡಲಿನ ನೀರನ್ನು ಬಾಟಲಿಗೆ ತುಂಬಿ ತರುವುದು ಇಪ್ಪತ್ತೆರಡು ವರ್ಷಗಳಿಂದ ಅವನ ಕಸುಬು. ಎಲ್ಲರ ಬಾಯಲ್ಲೂ ಅವನು ಬಾಟಲಿಯಣ್ಣ. ಕುಡುಕನೆಂದು ತಿಳಿದ ಹೊಸಬರೂ ಇದ್ದರು. ಗೊಬ್ಬರ, ಚರಂಡಿಯ ಕೊಳೆ ಎಷ್ಟು ಕಡಲು ಸೇರಿದೆಯೆಂದು ಪ್ರಯೋಗಾಲಯ ಅಳೆಯುತ್ತಿದ್ದದ್ದು ಅವನು ತಂದ ನೀರಿನಲ್ಲಿ. ಆ ಬಾಟಲಿಗಳಿಗೆ ಸೋಪು ಸೋಕುವಂತಿಲ್ಲ. ಗೊಬ್ಬರದಲ್ಲಿರುವಂತೆ ಸೋಪಿನಲ್ಲೂ ರಂಜಕ ಇರಬಹುದು, ಅಳತೆ ಕೆಡುತ್ತದೆ. ಆಸಿಡ್ಡಿನಲ್ಲಿ ತೊಳೆದು, ದೋಣಿಯಲ್ಲಿ ಅದೇ ಜಾಗದ ನೀರಿನಿಂದ ಮೂರು ಸಲ ಗಲಬರಿಸಿ ತುಂಬಬೇಕು.

ಆ ಬೆಳಿಗ್ಗೆ ದೋಣಿಯಲ್ಲಿ ಮುಚ್ಚಳ ತೆರೆದರೆ ಒಂದು ಬಾಟಲಿ ನಿಂಬೆಹಣ್ಣಿನ ವಾಸನೆ ಹೊಡೆಯಿತು. ಮನೆಯಲ್ಲಿ ಬಿಟ್ಟಿದ್ದ ಅದನ್ನು ಹೆಂಡತಿ ಪಾತ್ರೆಗಳ ಜೊತೆ ತೊಳೆದಿದ್ದಳು. ಪಾಪ, ಒಳ್ಳೆಯದಾಗಲೆಂದೇ. ಅದನ್ನು ಬದಿಗಿಟ್ಟು ಉಳಿದ ಹನ್ನೊಂದನ್ನು ತುಂಬಿದ. ಅಷ್ಟಕ್ಕೇ ಸುಮ್ಮನಿದ್ದರೆ ಆಗುತ್ತಿತ್ತು. ಈ ಸತ್ಯಸಂಧ ಪ್ರಯೋಗಾಲಯದ ದಾಖಲೆ ಪುಸ್ತಕದಲ್ಲಿ ಬರೆದ: ‘ಒಂದು ಬಾಟಲಿ ಸೋಪಿನಲ್ಲಿ ತೊಳೆದದ್ದು, ಬಳಸಿಲ್ಲ.’

ಆ ನೀರನ್ನು ಅಳೆದು ನೋಡಿದರೆ, ಗೊಬ್ಬರ ಕಾರ್ಖಾನೆಯ ಚರಂಡಿ ಕಡಲು ಸೇರುವಲ್ಲಿ ರಂಜಕ ಐದು ಪಟ್ಟು ಏರಿತ್ತು. ಅಲ್ಲಿಂದ ಕೂಗಳತೆಯಲ್ಲಿ ಅವನ ತಂಗಿ ನೀರಿಗೆ ಇಳಿಬಿಟ್ಟ ಹಗ್ಗಗಳಲ್ಲಿ ಮಾರಲು ಕಪ್ಪೆಚಿಪ್ಪು ಬೆಳೆಸುತ್ತಿದ್ದಳು. ಗಂಡ ಹೋದ ಮೇಲೆ ಅವಳ ಹೊಟ್ಟೆಪಾಡು ಅದೊಂದೇ. ವರದಿ ಮೇಲಕ್ಕೆ ಹೋದರೆ ವಾರದೊಳಗೆ ಚರಂಡಿ ಮುಚ್ಚಿಸುತ್ತಾರೆ. ಅವನು ತಂಗಿಗೆ ಹಾಗೆಂದೇ ಮಾತು ಕೊಟ್ಟಿದ್ದ.

ಪ್ರಯೋಗಾಲಯದ ಸಾಹೇಬರು ಪುಸ್ತಕ ತಿರುವಿ ಆ ಸಾಲಿನ ಮೇಲೆ ಬೆರಳಿಟ್ಟರು. “ಸೋಪು ಅಂತ ನೀನೇ ಬರೆದಿದ್ದೀಯಲ್ಲ?”

“ಅದನ್ನ ನಾನು ಬಳಸಿಲ್ಲ ಸಾರ್.”

“ಒಂದಕ್ಕೆ ತಾಗಿದ್ದು ಉಳಿದಿದ್ದಕ್ಕೆ ತಾಗಿಲ್ಲ ಅಂತ ಯಾರಪ್ಪಾ ನಂಬೋದು? ಮುಂದಿನ ತಿಂಗಳು ಹೊಸದಾಗಿ ನೀರು ತಾ.”

ಹನ್ನೊಂದು ಅಂಕಿಗಳ ಮೇಲೂ ಕೆಂಪು ಗೆರೆ ಬಿತ್ತು. ಸಾಹೇಬರೇನು ದಡ್ಡರಲ್ಲ. ಕಾರ್ಖಾನೆಯವರನ್ನು ಎದುರು ಹಾಕಿಕೊಳ್ಳದಿರಲು ಅವರಿಗೊಂದು ನೆವ ಬೇಕಿತ್ತು, ಅದನ್ನು ಇವನೇ ತಟ್ಟೆಯಲ್ಲಿಟ್ಟು ಕೊಟ್ಟಿದ್ದ.

ಮೂರನೆಯ ವಾರ ಅಲ್ಲಿನ ನೀರು ರಂಜಕ ಉಂಡು ಬೆಳೆದ ಪಾಚಿಯಿಂದ ಹಸಿರಾಗಿ ಗಟ್ಟಿಯಾಯಿತು. ಆಮೇಲೆ ಪಾಚಿ ಕೊಳೆತ ನಾತ. ಅವನು ಓಡಿಹೋಗುವಷ್ಟರಲ್ಲಿ ತಂಗಿ ಸೊಂಟದುದ್ದ ನೀರಿನಲ್ಲಿ ನಿಂತು ಹಗ್ಗ ಎಳೆಯುತ್ತಿದ್ದಳು. ಚಿಪ್ಪುಗಳೆಲ್ಲ ಸತ್ತು ಬಾಯಿ ಬಿಟ್ಟಿದ್ದವು. ಪುಸ್ತಕದ ವಿಷಯವನ್ನು ಅವನೇ ಹಿಂದೆ ಅವಳಿಗೆ ಹೇಳಿದ್ದ. ಅವಳು ಕಾರ್ಖಾನೆಯನ್ನು ಬೈಯಲಿಲ್ಲ, ಸಾಹೇಬರ ಹೆಸರೆತ್ತಲಿಲ್ಲ.

“ಆ ಒಂದು ಸಾಲು ಬರೀದೆ ಇದ್ದಿದ್ರೆ ನಿನ್ನ ಗಂಟೇನು ಹೋಗ್ತಿತ್ತು ಅಣ್ಣಾ?”

“ಏನೂ ಹೋಗ್ತಿರಲಿಲ್ಲ,” ಎಂದ. ಅವನಿಗೆ ಅಲ್ಲಿಯೂ ಸುಳ್ಳು ಹೇಳಲು ಬರಲಿಲ್ಲ.

ಅಂದಿನಿಂದ ಅವಳು ಅವನ ಮನೆಯ ಮೆಟ್ಟಿಲು ತುಳಿದಿಲ್ಲ.