ಸ್ಪ್ಯಾನರ್ ಚಿಕ್ಕಪ್ಪನೂ ಹೊಸ ಕಾರಿನ ವಾರಂಟಿಯೂ

ನನ್ನ ಮೈದುನನ ಬಾಯಲ್ಲಿ ‘ಹೊಸದು’ ಅನ್ನುವ ಮಾತು ಹೊಗಳಿಕೆಯಲ್ಲ. ಹೊಸದು ಅಂದರೆ ಇನ್ನೂ ಪರೀಕ್ಷೆಗೆ ನಿಲ್ಲದ್ದು ಎಂದೇ ಅವನ ಲೆಕ್ಕ. ಮನೆಗೆ ಯಾವ ಯಂತ್ರ ಬಂದರೂ ಅದೇ ಸಂಜೆ ಅದನ್ನು ಬಿಚ್ಚಬೇಕು. ನೆಲದ ಮೇಲೆ ಹಳೆಯ ಬಟ್ಟೆ ಹಾಸಿ, ಬಿಚ್ಚಿದ್ದನ್ನು ಬಿಚ್ಚಿದ ಕ್ರಮದಲ್ಲೇ ಎಡದಿಂದ ಬಲಕ್ಕೆ ಇಟ್ಟು, ಒಂದೊಂದನ್ನೂ ಒರೆಸಿ, ಎಣ್ಣೆ ಹಾಕುವುದರಲ್ಲಿ ಜಿಪುಣತನ ಮಾಡಿದ್ದಾರೆ ಎಂದು ಕಂಪನಿಯವರನ್ನು ಬೈದು, ತಾನೊಂದು ತೊಟ್ಟು ಬಿಟ್ಟು, ಬಲದಿಂದ ಎಡಕ್ಕೆ ಮತ್ತೆ ಜೋಡಿಸಬೇಕು. ಅಲ್ಲಿಯವರೆಗೆ ಅದು ಅಂಗಡಿಯವರದು, ಆಮೇಲೆ ನಮ್ಮದು. ನಮ್ಮ ಫ್ಯಾನು, ಇಸ್ತ್ರಿ ಪೆಟ್ಟಿಗೆ, ಗೋಡೆ ಗಡಿಯಾರ, ನನ್ನ ಹೊಲಿಗೆ ಯಂತ್ರ ಎಲ್ಲವೂ ಹೀಗೇ ನಮ್ಮವಾದವು.

“ಚಿಕ್ಕಪ್ಪ ಇರೋ ಮನೇಲಿ ಗ್ಯಾರಂಟಿಗೆ ಆಯಸ್ಸು ಒಂದೇ ದಿನ” ಎಂದು ನನ್ನ ಮಗಳು ನಗುತ್ತಿದ್ದಳು. ಸೀಲು ಒಡೆದರೆ ಕಂಪನಿಯವರು ಕೈಬಿಡುತ್ತಾರಲ್ಲ, ಅದಕ್ಕೆ. ಕೈಬಿಟ್ಟರೆ ನಮಗೇನು? ಕೆಟ್ಟದ್ದನ್ನು ಸರಿಮಾಡಲು ಇವನಿದ್ದ.

ನನ್ನ ಯಜಮಾನರು ಹೋದಾಗ ಮಗಳಿಗೆ ಇನ್ನೂ ಹಾಲು ಹಲ್ಲು ಬಿದ್ದಿರಲಿಲ್ಲ. ಆಗ ಬೀದಿಯ ತುದಿಯ ಗ್ಯಾರೇಜಿನಲ್ಲಿ ಕೆಲಸಕ್ಕಿದ್ದ ಮೈದುನ ತನ್ನ ಹಾಸಿಗೆ ಸುರುಳಿಯನ್ನೂ ಉಪಕರಣದ ಪೆಟ್ಟಿಗೆಯನ್ನೂ ತಂದು ನಮ್ಮ ಹಿಂದಿನ ಕೋಣೆಯಲ್ಲಿಟ್ಟ. “ಸ್ವಲ್ಪ ದಿನ ಇರ್ತೀನಿ ಅತ್ತಿಗೆ” ಅಂದ. ಆ ಸ್ವಲ್ಪ ದಿನ ಇನ್ನೂ ಮುಗಿದಿಲ್ಲ. ಮುಂದೆ ಅದೇ ಗ್ಯಾರೇಜನ್ನು ತಾನೇ ನಡೆಸಿದ. ಮದುವೆಯ ಮಾತೆತ್ತಿದರೆ, “ಆ ಗಾಡಿಗೆ ಸ್ಪೇರ್ ಪಾರ್ಟ್ಸ್ ಸಿಗಲ್ಲ ಅತ್ತಿಗೆ, ಬೇಡ” ಎನ್ನುತ್ತಿದ್ದ. ಊಟಕ್ಕೆ ಕೂರುವ ಮುಂಚೆ ಸೀಮೆಎಣ್ಣೆ ಹಾಕಿ ಕೈ ಉಜ್ಜುತ್ತಾ, “ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ. ನನ್ನದು ಗ್ರೀಸು, ಬಾಯಿಗೇನು ಸಿಗುತ್ತೋ ನೋಡೋಣ” ಎಂದು ಪಾತ್ರೆಯೊಳಗೆ ಇಣುಕುತ್ತಿದ್ದ. ಬೀದಿಯ ಮಕ್ಕಳೆಲ್ಲ ಅವನನ್ನು ಸ್ಪ್ಯಾನರ್ ಚಿಕ್ಕಪ್ಪ ಎಂದೇ ಕರೆದವು. ಮಗಳು ಬೆಳೆದು ಆಸ್ಪತ್ರೆಯಲ್ಲಿ ನರ್ಸ್ ಆದಮೇಲೂ ಅವನಿಗೆ ಅವಳು ಪುಟ್ಟಿಯೇ.

ಅವನದೊಂದು ಉದ್ದನೆಯ ಸ್ಕ್ರೂಡ್ರೈವರ್ ಇದೆ, ಮರದ ಹಿಡಿಯದ್ದು. ಓಡುತ್ತಿರುವ ಇಂಜಿನ್ನಿಗೆ ಅದರ ತುದಿ ಆನಿಸಿ, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ನಿಲ್ಲುತ್ತಾನೆ. ವೈದ್ಯರು ಎದೆ ನೋಡಿದ ಹಾಗೆ. ಒತ್ತಿ ಒತ್ತಿ ಆ ಹಿಡಿ ನುಣ್ಣಗಾಗಿ, ಒಂದು ಕಡೆ ಕಿವಿಯ ಆಕಾರಕ್ಕೇ ತಗ್ಗಾಗಿದೆ. ಪುಟ್ಟಿ ಆಸ್ಪತ್ರೆಗೆ ಓಡಿಸುತ್ತಿದ್ದ ಹಳೆಯ ಕಾರನ್ನು ಇಷ್ಟು ವರ್ಷ ಬದುಕಿಸಿದ್ದು ಆ ಕಿವಿಯೇ.

ಗ್ಯಾರೇಜು ಮುಚ್ಚುವ ಹೊತ್ತಿಗೇ ಅವನ ಬಲಗೈ ನಡುಗಲು ಶುರುವಾಗಿತ್ತು. ಮುಚ್ಚಿದ್ದು ಮಂಡಿ ನೋವಿಗೆ ಎಂದು ಅವನು ಹೇಳಿದ, ನಾವು ಒಪ್ಪಿಕೊಂಡೆವು. ಟೀ ತುಳುಕುವುದನ್ನು ಒಂದು ಬೆಳಿಗ್ಗೆ ನೋಡಿದೆ. ಮರುದಿನದಿಂದ ಅವನ ಲೋಟಕ್ಕೆ ಅರ್ಧವೇ ಸುರಿದೆ, ಕುಡಿದಮೇಲೆ ಇನ್ನರ್ಧ. ಅವನು ಯಾಕೆ ಎಂದು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಈ ವರ್ಷ ಪುಟ್ಟಿ ಹೊಸ ಕಾರು ಗೊತ್ತುಮಾಡಿದಳು. ಕಾರು ಕೈಗೆ ಬರುವ ಹಿಂದಿನ ವಾರ ಶೋರೂಮಿನಿಂದ ಫೋನು ಬಂತು. ಕಂಪನಿಯವರೇ ಕೊಡುವ ವಾರಂಟಿ ಹೇಗೂ ಇದೆ, ಅದು ಮುಗಿದ ಮೇಲೂ ಇನ್ನಷ್ಟು ವರ್ಷ ಮುಂದುವರಿಯಬೇಕಾದರೆ ಹೆಚ್ಚುವರಿ ವಾರಂಟಿ ಕೊಳ್ಳಬಹುದು, ಕಾರು ಒಯ್ಯುವ ದಿನವೇ ಹೇಳಿಬಿಡಿ ಎಂದರಂತೆ. ಅವಳು ಸಂಜೆ ಊಟದ ಮೇಜಿನ ಮೇಲೆ ಅವರು ಕೊಟ್ಟಿದ್ದ ವಾರಂಟಿಯ ಕಾಗದ ಹರಡಿ ಓದಿದಳು. ನನಗೆ ಅರ್ಥವಾದ ಮುಖ್ಯ ಮಾತು ಒಂದೇ: ಅಷ್ಟೂ ವರ್ಷ ಅವರ ವರ್ಕ್‌ಶಾಪಿನವರ ಹೊರತು ಬೇರೆ ಯಾರೂ ಕಾರನ್ನು ಬಿಚ್ಚಬಾರದು. ಬಿಚ್ಚಿದರೆ ವಾರಂಟಿ ಸತ್ತಂತೆ.

ಮೈದುನ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ.

“ಇದು ಹೇಗಾಯ್ತು ಗೊತ್ತಾ ಪುಟ್ಟೀ? ಹೆಣ್ಣು ತೋರಿಸೋಕೆ ಕೂರಿಸಿದವರೇ, ‘ಇವಳು ಓಡಿಹೋದ್ರೆ ಹುಡುಕಿ ಕೊಡ್ತೀವಿ, ಅದಕ್ಕೆ ಬೇರೆ ದುಡ್ಡು ಕೊಡಿ’ ಅಂದ ಹಾಗಾಯ್ತು. ಅಂಥ ಮನೆ ಹೆಣ್ಣನ್ನ ಯಾರಾದ್ರೂ ತಂದ್ಕೋತಾರಾ?”

“ಓಡಿಹೋಗದೇ ಇರೋ ಹೆಣ್ಣನ್ನೂ ನೀನು ತಂದ್ಕೊಳ್ಳಲಿಲ್ವಲ್ಲ ಚಿಕ್ಕಪ್ಪ!”

“ನನ್ನ ವಿಷ್ಯ ಬಿಡು. ಮಾಡಿದವನಿಗೇ ಅದರ ಮೇಲೆ ನಂಬಿಕೆ ಇಲ್ಲ ಅಂತಾಯ್ತು. ಮನೇಲಿ ಮೇಸ್ತ್ರಿ ಇಟ್ಕೊಂಡು ಬೀದಿಲಿ ಮೇಸ್ತ್ರಿ ಹುಡುಕ್ತಾರಾ?”

ಪುಟ್ಟಿ ನಗುತ್ತಲೇ ಕಾಗದ ಮಡಚಿದಳು. ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಬಂದವಳ ಮುಖದಲ್ಲಿ ನಗು ಇರಲಿಲ್ಲ. ನಲ್ಲಿ ಜೋರಾಗಿ ಬಿಟ್ಟು, ಆ ಸದ್ದಿನ ಮರೆಯಲ್ಲಿ ನನಗೆ ಹೇಳಿದಳು.

“ಅಮ್ಮಾ, ಹೋದ ತಿಂಗಳು ಚಿಕ್ಕಪ್ಪ ಹಳೇ ಕಾರಿನ ಚಕ್ರ ಬಿಚ್ಚಿ ಹಾಕಿದ್ನಲ್ಲ, ಮರುದಿನ ದಾರೀಲಿ ಟಕ್ ಟಕ್ ಅಂತ ಸದ್ದು. ಆಸ್ಪತ್ರೆ ಪಕ್ಕದ ಪಂಕ್ಚರ್ ಅಂಗಡೀಲಿ ನಿಲ್ಸಿದೆ. ಒಂದು ನಟ್ಟು ಸಡಿಲ ಇತ್ತು. ಬರೀ ಕೈಯಲ್ಲೇ ತಿರುಗ್ತಿತ್ತು. ‘ಯಾರಮ್ಮ ಹಾಕಿದ್ದು ಇದನ್ನ’ ಅಂತ ಕೇಳ್ದ ಅಂಗಡಿಯವನು.”

“ನೀನೇನಂದೆ?”

“ಗೊತ್ತಿಲ್ಲ ಅಂದೆ.” ಅವಳು ತೊಳೆದ ತಟ್ಟೆಯನ್ನೇ ಮತ್ತೆ ತೊಳೆಯುತ್ತಿದ್ದಳು. “ಚಿಕ್ಕಪ್ಪನ್ನ ಗೊತ್ತಿಲ್ಲ ಅಂದ್ಬಿಟ್ಟೆ ಅಮ್ಮ.”

ಅವಳದು ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡ ಪಾಡು. ವಾರಂಟಿ ತೆಗೆದುಕೊಂಡರೆ, ನಿನ್ನ ಕೈ ಇನ್ನು ಬೇಡ ಎಂದು ಅವನಿಗೆ ಬರೆದು ಕೊಟ್ಟ ಹಾಗೆ. ತೆಗೆದುಕೊಳ್ಳದಿದ್ದರೆ, ಆ ನಡುಗುವ ಕೈ ಹೊಸ ಕಾರಿನ ಬ್ರೇಕಿಗೂ ಬರುತ್ತದೆ.

“ಬೇಡ ಅಂದ್ಬಿಡ್ತೀನಿ” ಅಂದಳು. “ಚಿಕ್ಕಪ್ಪ ಮಾಡಿದ್ದನ್ನೆಲ್ಲ ಆಮೇಲೆ ಗುಟ್ಟಾಗಿ ಬೇರೆ ಕಡೆ ತೋರಿಸಿದ್ರಾಯ್ತು.”

“ಎಷ್ಟು ದಿನ ಅಂತ ಗುಟ್ಟಾಗಿ ತೋರಿಸ್ತೀಯ?”

ಅವಳು ನಲ್ಲಿ ನಿಲ್ಲಿಸಿದಳು. ಕಾರು ತರುವ ದಿನದವರೆಗೆ ಬಾಯಿ ಬಿಡಬೇಡ ಎಂದಷ್ಟೇ ನಾನು ಹೇಳಿದೆ.

ಎರಡು ದಿನ ಕಳೆದು ನನ್ನ ಹೊಲಿಗೆ ಯಂತ್ರ ದಾರ ಗಂಟು ಹಾಕತೊಡಗಿತು. ಪಕ್ಕದ ಮನೆಯವರ ದಿಂಬಿನ ಚೀಲಗಳು ಅರ್ಧಕ್ಕೇ ನಿಂತವು. ಮೈದುನ ಬಟ್ಟೆ ಹಾಸಿ ಕೂತ. ಅಡಿಯ ದಾರ ಸುತ್ತಿದ ಬಾಬಿನ್ ಕೂರುವ ಪುಟ್ಟ ಡಬ್ಬಿಯ ಪಕ್ಕದಲ್ಲಿ ಒಂದು ಸ್ಕ್ರೂ ಇದೆ, ಎಳ್ಳುಕಾಳಿಗಿಂತ ತುಸು ದೊಡ್ಡದು. ಅದನ್ನು ಬಿಚ್ಚಿ, ಅದರಡಿ ಸಿಕ್ಕಿಕೊಂಡಿದ್ದ ದಾರದ ತುಣುಕನ್ನು ತೆಗೆದ. ಹಿಂದಕ್ಕೆ ಹಾಕಲು ಹೋದಾಗ ಸ್ಕ್ರೂ ಜಾರಿ ಬಿತ್ತು. ಹುಡುಕಿ ಎತ್ತಿದ. ಮತ್ತೆ ಬಿತ್ತು. ನಾನು ಕತ್ತರಿ ಹಿಡಿದು, ಕತ್ತರಿಸುವುದು ಏನೂ ಇಲ್ಲದ ಬಟ್ಟೆಯನ್ನು ನೋಡುತ್ತಾ ಕೂತೆ. ಮೂರನೆಯ ಸಲ ಬಿದ್ದಾಗ ಅವನು ಎತ್ತಲಿಲ್ಲ.

“ಅತ್ತಿಗೆ” ಅಂದ. “ನೀವು ನನ್ನ ಲೋಟಕ್ಕೆ ಅರ್ಧ ಟೀ ಹಾಕೋಕೆ ಶುರು ಮಾಡಿದ್ರಲ್ಲ, ನಿಮಗೆ ಗೊತ್ತಾಗಿದೆ ಅಂತ ಅವತ್ತೇ ಗೊತ್ತಾಯ್ತು ನನಗೆ.”

“ಹಾಲು ಕಡಿಮೆ ಬರ್ತಿತ್ತು ಕಣಪ್ಪ.”

“ಸುಳ್ಳು ಹೇಳೋಕೂ ಅಭ್ಯಾಸ ಬೇಕು, ನಿಮಗಿಲ್ಲ.” ಸ್ವಲ್ಪ ನಕ್ಕ. “ಪುಟ್ಟಿಗೂ ಗೊತ್ತು. ಹೋದ ತಿಂಗಳು ಕಾರು ತೊಳೀತಾ ನೋಡಿದೆ. ಒಂದು ನಟ್ಟಿನ ಮೂಲೆ ಮಾತ್ರ ಹೊಸದಾಗಿ ಸವೆದು ಹೊಳೀತಿತ್ತು. ನನ್ನ ಸ್ಪ್ಯಾನರ್ ಹಾಗೆ ಕಚ್ಚಲ್ಲ ಅತ್ತಿಗೆ. ಬೇರೆ ಯಾರೋ ಬಿಗಿ ಮಾಡಿದ್ದಾರೆ. ಯಾಕೆ ಮಾಡಬೇಕಾಯ್ತು ಅಂತ ಯೋಚನೆ ಮಾಡಿದೆ. ಸಡಿಲ ಬಿಟ್ಟಿದ್ದೆ ನಾನು. ನಮ್ಮ ಮಗು ಕೂತು ಓಡಿಸೋ ಗಾಡೀಲಿ.”

ನಾನು ಕತ್ತರಿ ಕೆಳಗಿಟ್ಟೆ.

“ಮತ್ತೆ ಮೊನ್ನೆ ಊಟದ ಹೊತ್ತಲ್ಲಿ ಅಷ್ಟೊಂದು ಹಾರಾಡಿದೆಯಲ್ಲ?”

“ಹಾರಾಡದೇ ಇನ್ನೇನು ಮಾಡ್ಲಿ? ಸುಮ್ಮನಿದ್ದಿದ್ರೆ, ನಾನು ಆ ನಟ್ಟು ನೋಡಿದ್ದೀನಿ ಅಂತ ಅವಳಿಗೆ ಅನುಮಾನ ಬರ್ತಿತ್ತು.” ತನ್ನ ಬಲಗೈಯನ್ನು ಬೇರೆ ಯಾರದೋ ಎಂಬಂತೆ ನೋಡಿದ. “ವಾರಂಟಿ ತಗೊಳ್ಳೋಕೆ ನೀವೇ ಹೇಳಿಬಿಡಿ. ನಾನು ಹೇಳಿದ್ರೆ ಅಳ್ತಾಳೆ.”

“ಅತ್ತರೆ ಅಳಲಿ. ನೀನೇ ಹೇಳಬೇಕು. ನಾನು ಹೇಳಿದ್ರೆ, ನಿನ್ನ ಬೆನ್ನ ಹಿಂದೆ ನಾವಿಬ್ಬರೂ ಸೇರಿ ತೀರ್ಮಾನ ಮಾಡಿದ ಹಾಗಾಗುತ್ತೆ. ಆ ಕೆಲಸ ನನ್ನಿಂದಾಗಲ್ಲ.”

ಅವನು ಬಗ್ಗಿ ಸ್ಕ್ರೂ ಹುಡುಕಿದ, ನನ್ನ ಅಂಗೈ ಮೇಲಿಟ್ಟ. “ನಿಮ್ಮ ಕೈ ನಡುಗಲ್ಲ. ನೇರ ಹಿಡೀರಿ. ಮೊದಲು ಎಡಕ್ಕೆ ಒಂಚೂರು ತಿರುಗಿಸಿ, ಕಟ್ ಅಂತ ಕೂತ್ಕೊಳ್ಳುತ್ತೆ. ಹ್ಞಾಂ. ಈಗ ಬಲಕ್ಕೆ. ಸಾಕು, ಸಾಕು. ಅತ್ತಿಗೆ, ಮದ್ದಳೆ ಬಿಗಿಯೋ ಹಾಗೆ ಬಿಗೀಬೇಡಿ.” ದಾರ ಮತ್ತೆ ಸಲೀಸಾಗಿ ಓಡಿತು.

ಕಾರು ತರುವ ದಿನ ಮೂವರೂ ಹೋದೆವು. ಶೋರೂಮು ಎಂದರೆ ಗಾಜಿನ ಗೋಡೆ, ಮುಖ ಕಾಣುವಷ್ಟು ನಯವಾದ ನೆಲ, ಎಲ್ಲೂ ಒಂದು ತೊಟ್ಟು ಎಣ್ಣೆಯಿಲ್ಲ. “ಇಲ್ಲಿ ಕೆಲಸ ಮಾಡ್ತಾರೋ ಮದುವೆ ಮಾಡ್ತಾರೋ” ಎಂದು ಮೈದುನ ನನ್ನ ಕಿವಿಯಲ್ಲಿ ಹೇಳಿದ. ಅವನ ಕಂಕುಳಲ್ಲಿ ಹಳೆಯ ಬಟ್ಟೆಯಲ್ಲಿ ಸುತ್ತಿದ ಉದ್ದನೆಯ ವಸ್ತು. ಏನೆಂದು ನಾನು ಕೇಳಲಿಲ್ಲ, ಹಿಡಿ ಕಾಣುತ್ತಿತ್ತು.

ಮೇಜಿನ ಆಚೆ ಕೂತಿದ್ದ ಹುಡುಗಿ ಬಲು ಮರ್ಯಾದೆಯವಳು. “ಹೆಚ್ಚುವರಿ ವಾರಂಟಿ ಏನು ಮಾಡೋಣ ಮೇಡಂ?” ಎಂದು ಪುಟ್ಟಿಯನ್ನು ಕೇಳಿದಳು.

“ಬೇಡ” ಅಂದಳು ಪುಟ್ಟಿ. ಕೇಳುವುದನ್ನೇ ಕಾದು ಕೂತಿದ್ದವಳ ಹಾಗೆ, ಬೇಗನೆ.

“ಬೇಕು” ಅಂದ ಮೈದುನ.

ಹುಡುಗಿ ಒಬ್ಬರಾದ ಮೇಲೊಬ್ಬರ ಮುಖ ನೋಡಿದಳು.

“ಚಿಕ್ಕಪ್ಪ, ನೀನು ಸುಮ್ನಿರು. ನೀನೇ ಬೇಡ ಅಂದಿದ್ದೆ.”

“ಅಂದಿದ್ದೆ. ಈಗ ಬೇಕು ಅಂತೀನಿ.” ಅವನು ಬಲಗೈಯನ್ನು ಮೇಜಿನ ಮೇಲಿಟ್ಟ. ಅವನು ಅದನ್ನು ಎಲ್ಲರೆದುರು ಹಾಗೆ ಇಟ್ಟದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಕೈಯ ಪಕ್ಕದಲ್ಲಿದ್ದ ಪೆನ್ನು ಮೆಲ್ಲಗೆ ಟಿಕಟಿಕ ಎಂದಿತು. “ಆ ನಟ್ಟು ನಾನು ನೋಡಿದೆ ಪುಟ್ಟಿ.”

ಪುಟ್ಟಿ ಅತ್ತಳು. ಶೋರೂಮಿನ ಹುಡುಗಿ ಏನೂ ತಿಳಿಯದೆ ಗಾಬರಿಯಾಗಿ ನೀರು ತಂದುಕೊಟ್ಟಳು. ಮೈದುನ ಆ ನೀರನ್ನು ತಾನೇ ಕುಡಿದ, ಸ್ವಲ್ಪ ಅಂಗಿಯ ಮೇಲೆ ಚೆಲ್ಲಿಕೊಂಡ, ಒರೆಸಿಕೊಳ್ಳಲಿಲ್ಲ.

“ನಾನು ಹೇಳ್ಬೇಕಿತ್ತು ಚಿಕ್ಕಪ್ಪ. ಹೇಗೆ ಹೇಳ್ಲಿ?”

“ನಿನಗೆ ಸೈಕಲ್ ಕಲಿಸುವಾಗ ಹಿಂದಿನಿಂದ ಹಿಡ್ಕೊಂಡಿದ್ದೀನಿ ಅಂತಾನೇ ಕೈಬಿಟ್ಟಿದ್ದೆನಲ್ಲ, ನಾನೇನು ನಿನಗೆ ಹೇಳಿದ್ನಾ? ಅದಕ್ಕೂ ಇದಕ್ಕೂ ಸರಿಹೋಯ್ತು.” ಆಮೇಲೆ ಆ ಹುಡುಗಿಯ ಕಡೆ ತಿರುಗಿದ. “ನೋಡಮ್ಮ, ನಿಮ್ಮ ವಾರಂಟಿ ತಗೋತೀವಿ. ಒಂದೆರಡು ಪ್ರಶ್ನೆ ಇದೆ. ಗಾಡಿ ತೊಳೀಬಹುದಾ?”

“ಧಾರಾಳವಾಗಿ ಸರ್.”

“ಚಕ್ರದ ಗಾಳಿ ನೋಡಬಹುದಾ?”

“ನೋಡಬಹುದು ಸರ್.”

“ಬಾನೆಟ್ ಎತ್ತಬಹುದಾ?”

“ಎತ್ತಬಹುದು ಸರ್, ಬಿಚ್ಚಬಾರದು ಅಷ್ಟೇ.”

ಅವನು ಬಟ್ಟೆಯ ಸುತ್ತು ಬಿಡಿಸಿ ಸ್ಕ್ರೂಡ್ರೈವರನ್ನು ಮೇಜಿನ ಮೇಲಿಟ್ಟ. ಹುಡುಗಿ ಕುರ್ಚಿಯನ್ನು ಒಂದು ಗೇಣು ಹಿಂದೆ ಸರಿಸಿದಳು.

“ಹೆದರಬೇಡಮ್ಮ. ಇದರಿಂದ ಬಿಚ್ಚಲ್ಲ. ಇದನ್ನ ಇಂಜಿನ್ನಿಗೆ ಇಟ್ಟು ಕೇಳಿಸ್ಕೊಳ್ಳೋದು. ಅದಕ್ಕೆ ನಿಮ್ಮ ಕಾಗದದಲ್ಲಿ ಅಡ್ಡಿ ಇದ್ಯಾ?”

ಹುಡುಗಿಗೆ ಗೊತ್ತಿರಲಿಲ್ಲ. ವರ್ಕ್‌ಶಾಪಿಗೆ ಫೋನು ಮಾಡಿ ಕೇಳಿದಳು. ಅವರನ್ನೂ ಯಾರೂ ಇಂಥದ್ದು ಕೇಳಿರಲಿಲ್ಲವೇನೋ, ಎರಡು ಸಲ ಹೇಳಬೇಕಾಯಿತು. ಫೋನು ಇಟ್ಟು, “ಕೇಳ್ಸ್ಕೊಳ್ಳೋಕೆ ಏನೂ ತೊಂದರೆ ಇಲ್ಲವಂತೆ ಸರ್” ಎಂದು ನಕ್ಕಳು.

“ಹಾಗಾದ್ರೆ ಸರಿ. ಸಹಿ ಹಾಕು ಪುಟ್ಟಿ.”

ಪುಟ್ಟಿ ಮೂಗು ಒರೆಸಿಕೊಂಡು ಸಹಿ ಹಾಕಿದಳು.

ಆ ಸಂಜೆ ಹೊಸ ಕಾರು ಮನೆಯ ಮುಂದೆ ನಿಂತಿತು. ಮೈದುನ ಹಳೆಯ ಬಟ್ಟೆಯನ್ನು ನೆಲಕ್ಕೆ ಹಾಸಲಿಲ್ಲ, ಹೆಗಲ ಮೇಲೆ ಹಾಕಿಕೊಂಡ. ಬಾನೆಟ್ ಎತ್ತಿಸಿ, ಇಂಜಿನ್ ಶುರುಮಾಡಿಸಿ, ಸ್ಕ್ರೂಡ್ರೈವರಿನ ತುದಿ ಆನಿಸಿ ಹಿಡಿಗೆ ಕಿವಿ ಕೊಟ್ಟ. ಕೈಯ ನಡುಕ ತುದಿಗೂ ಇಳಿಯಿತು. ಲೋಹ ಲೋಹಕ್ಕೆ ತಾಗಿ ಕಟಕಟ ಎಂದಿತು. ಅವನು ಮುಖ ಸಿಂಡರಿಸಿ ಕಿವಿ ತೆಗೆದ. ಕೇಳಿಸಿದ್ದು ಇಂಜಿನ್ನಿನ ದನಿಯಲ್ಲ, ತನ್ನ ಕೈಯದ್ದೇ.

ನಾನು ಹೊಸ್ತಿಲಲ್ಲಿ ಲೋಟ ಹಿಡಿದು ನಿಂತಿದ್ದೆ. ಇದನ್ನು ನಾವು ಯಾರೂ ಯೋಚಿಸಿರಲಿಲ್ಲ.

ಪುಟ್ಟಿ ಕಾರಿನಿಂದಿಳಿದು ಬಂದಳು. ಏನೂ ಕೇಳದೆ ಅವನ ಕೈಯ ಮೇಲೆ ತನ್ನ ಕೈಯಿಟ್ಟು ಸ್ಕ್ರೂಡ್ರೈವರನ್ನು ಬಿಗಿಯಾಗಿ ಹಿಡಿದಳು. ದಿನವೂ ರೋಗಿಗಳ ಕೈ ಹಿಡಿದು ಸೂಜಿ ಚುಚ್ಚುವ ಕೈ ಅದು, ಅಲುಗಲಿಲ್ಲ. ಅವನು ಮತ್ತೆ ಕಿವಿ ಕೊಟ್ಟ, ಕಣ್ಣು ಮುಚ್ಚಿದ. ಬಹಳ ಹೊತ್ತು ಹಾಗೇ ಇದ್ದ. ಆಮೇಲೆ ತಲೆ ಎತ್ತಿ, “ಈಗ ನೀನು” ಅಂದ.

ಅವಳು ಬಗ್ಗಿ, ಅವನ ಕಿವಿ ಸವೆಸಿದ ತಗ್ಗಿಗೆ ತನ್ನ ಕಿವಿ ಇಟ್ಟಳು.

“ಏನು ಕೇಳುತ್ತೆ?”

“ಏನೂ ಇಲ್ಲ ಚಿಕ್ಕಪ್ಪ. ಒಂದೇ ಸಮ ಗುಂಯ್ ಅಂತಿದೆ.”

“ಅದನ್ನೇ ಚೆನ್ನಾಗಿ ನೆನಪಿಟ್ಕೋ. ಅದು ಸರಿ ಇದ್ದಾಗಿನ ದನಿ. ಅದು ಗೊತ್ತಿಲ್ಲದಿದ್ರೆ ಕೆಟ್ಟಾಗ ಏನು ಕೇಳಿದ್ರೂ ತಿಳಿಯಲ್ಲ.”

ಈಗ ವಾರಕ್ಕೊಮ್ಮೆ ಇಬ್ಬರೂ ಹಾಗೆ ನಿಲ್ಲುತ್ತಾರೆ, ಕೈಯ ಮೇಲೆ ಕೈಯಿಟ್ಟು, ಒಬ್ಬರಾದ ಮೇಲೊಬ್ಬರು ಕಿವಿಗೊಟ್ಟು. ಟೀಗೆ ಕರೆದರೆ ಇಬ್ಬರೂ ಒಟ್ಟಿಗೇ ನನಗೆ “ಶ್” ಅನ್ನುತ್ತಾರೆ. ನಾನು ಅರ್ಧ ಲೋಟ ಹಿಡಿದು ಹೊಸ್ತಿಲಲ್ಲೇ ಕಾಯುತ್ತೇನೆ.